ಅರಮನೆಯಿಲ್ಲದ ತೋಟದಲ್ಲಿ ನಮ್ಮವರು

ನನ್ನನ್ನು ಯುರೋಪಿಗೆ ಕರೆದುಕೊಂಡು ಹೋದದ್ದು ಜೋಳದ ರೊಟ್ಟಿ. ನಮ್ಮವರು ಇದನ್ನು ಒಪ್ಪುವುದಿಲ್ಲ. "ಪಾಪ, ಆಕಿನೂ ನಾಕು ದೇಶ ನೋಡ್ಲಿ ಅಂತ ಕರ್ಕಂಡ್ ಹೋಗಿದ್ದೆ" ಎಂದು ಹತ್ತಿ ಮಾರುಕಟ್ಟೆಯಲ್ಲಿ ಹೇಳಿಕೊಂಡು ತಿರುಗುತ್ತಾರೆ. ನಡೆದದ್ದು ಇಷ್ಟು. ದಾವಣಗೆರೆಯಲ್ಲಿ ನಮ್ಮದು ಹತ್ತಿಯಿಂದ ಬೀಜ ಬೇರೆ ಮಾಡುವ ಜಿನ್ನಿಂಗ್ ಕಾರ್ಖಾನೆ. ಅದಕ್ಕೆ ಹೊಸ ಯಂತ್ರ ಬೇಕಾಗಿತ್ತು. ಜರ್ಮನಿಯ ಹ್ಯಾನೋವರ್ ಎಂಬ ಊರಿನಲ್ಲಿ ಯಂತ್ರಗಳದೇ ಒಂದು ದೊಡ್ಡ ಸಂತೆ ನೆರೆಯುತ್ತದೆ, ಬಂದು ನೋಡಿ ಎಂದು ಅಲ್ಲಿಯ ಕಂಪನಿಯೊಂದು ಕರೆಯಿತು. ನಮ್ಮವರೋ ಹೊರಗೆ ಹೋಟೆಲಿನಲ್ಲಿ ಒಂದು ಲೋಟ ನೀರು ಕುಡಿಯುವ ಪೈಕಿಯಲ್ಲ. "ಅಲ್ಲಿ ಉಣ್ಣಾಕೆ ಏನ್ ಮಾಡ್ತೀರಿ?" ಎಂದು ನಾನು ಕೇಳಿದೆ. ಅದನ್ನು ಅವರು ಯೋಚಿಸಿಯೇ ಇರಲಿಲ್ಲ. ಮರುದಿನ ಬೆಳಿಗ್ಗೆ ಮುಖ ಸಣ್ಣದು ಮಾಡಿಕೊಂಡು ಅಡಿಗೆಮನೆಯ ಬಾಗಿಲಿಗೆ ಬಂದು "ನೀನೂ ಬಾ" ಎಂದರು.

ನಮ್ಮವರು ನಮ್ಮವರು ಎನ್ನುತ್ತೀಯಲ್ಲ, ಆ ಮನುಷ್ಯನಿಗೆ ಹೆಸರಿಲ್ಲವೇ ಎಂದು ನೀವು ಕೇಳಬಹುದು. ಇದೆ, ಒಳ್ಳೆಯ ಹೆಸರೇ ಇದೆ. ಆದರೆ ಗಂಡನ ಹೆಸರು ಬಾಯಿಬಿಟ್ಟು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹರಿಹರದ ನಮ್ಮವ್ವ ನನ್ನನ್ನು ಗಂಡನ ಮನೆಗೆ ಕಳಿಸುವಾಗ ಕಿವಿಯಲ್ಲಿ ಹೇಳಿ ಕಳಿಸಿದ್ದಳು. ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ಹೆಂಗಸರು ಬಾಗಿಲು ಅಡ್ಡಗಟ್ಟಿದರೆ ಒಡಪು ಕಟ್ಟಿ ಹೇಳುವುದುಂಟು. ಪ್ರಾಸದ ಮರೆಯಲ್ಲಿ ಹೇಳಿದರೆ ದೋಷ ತಟ್ಟುವುದಿಲ್ಲವಂತೆ. ಬರೀ ಹೆಸರನ್ನು ಮಾತ್ರ ನಾನು ಒಮ್ಮೆಯೂ ನುಡಿದವಳಲ್ಲ. ಪಾಸ್‌ಪೋರ್ಟಿನ ಕಚೇರಿಯಲ್ಲಿ "ಗಂಡನ ಹೆಸರೇನಮ್ಮಾ?" ಎಂದಾಗ ನಾನು ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತ ನಿಂತೆ. ಪಕ್ಕದಲ್ಲಿದ್ದ ಗಂಡ ತನ್ನ ಹೆಸರನ್ನು ತಾನೇ ಹೇಳಬೇಕಾಯಿತು.

ಫ್ರಾಂಕ್‌ಫರ್ಟಿನ ಸುಂಕದ ಕಟ್ಟೆ

ಬೊಂಬಾಯಿಯಿಂದ ವಿಮಾನ ಹತ್ತಿ ಫ್ರಾಂಕ್‌ಫರ್ಟಿನಲ್ಲಿ ಇಳಿದೆವು. ವಿಮಾನದ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಕಣ್ಣು ಮುಚ್ಚಿಕೊಂಡು ಕೂತವಳಿಗೆ ಮೋಡ ಎಲ್ಲಿಂದ ಕಂಡೀತು. ಇಳಿದ ಮೇಲೆ ಸುಂಕದವರು ಪೆಟ್ಟಿಗೆ ಬಿಚ್ಚಿಸಿದರು. ಖಡಕ್ ರೊಟ್ಟಿಯ ಡಬ್ಬಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ ಎಲ್ಲವನ್ನೂ ಒಬ್ಬಾತ ಬೆರಳ ತುದಿಯಲ್ಲಿ ಸರಿಸಿ ಸರಿಸಿ ನೋಡಿದ. ಮಂಡಕ್ಕಿಯ ಚೀಲ ಎತ್ತಿದವನೇ, ಇಷ್ಟು ದೊಡ್ಡ ಚೀಲ ಇಷ್ಟು ಹಗುರ ಯಾಕೆ ಎಂದು ಅನುಮಾನ ಬಂದು, ಇನ್ನೊಬ್ಬನನ್ನು ಕರೆದು ಅವನ ಕೈಲೂ ಎತ್ತಿಸಿದ. ಕೊನೆಗೆ ಅವನ ಕೈಗೆ ಸಿಕ್ಕಿದ್ದು ವಿಭೂತಿ ಗಟ್ಟಿಗಳು.

ನಮ್ಮವರಿಗೆ ಒಂದು ನಂಬಿಕೆ ಇದೆ: ಕನ್ನಡ ಬಾರದ ಮನುಷ್ಯನಿಗೆ ಉರ್ದು ಬಂದೇ ಬರುತ್ತದೆ. ಹತ್ತಿ ಕೊಳ್ಳಲು ಎಲ್ಲೆಲ್ಲಿಂದಲೋ ಬರುವವರ ಜೊತೆ ಅದು ನಡೆದಿದೆ, ಜರ್ಮನಿಯಲ್ಲಿ ಯಾಕೆ ನಡೆಯಬಾರದು? "ಯೇ ದೇವರ ಚೀಜ್ ಹೈ ಸಾಬ್, ಹಣೆಗೂ ಲಗಾತೆ" ಎಂದು ಶುರುಮಾಡಿ ವಿಭೂತಿಯ ಮಹಿಮೆಯನ್ನೆಲ್ಲ ಬಣ್ಣಿಸಿದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನಾಗುತ್ತದೆ ಎಂದು ನಮ್ಮ ಹಿರಿಯರು ಗಾದೆ ಮಾಡಿಯೇ ಇಟ್ಟಿದ್ದಾರೆ. ಆತ ಎಲ್ಲ ಕೇಳಿ, ಒಂದು ಗಟ್ಟಿ ತೆಗೆದು ಮರದ ಮೇಜಿನ ಮೇಲೆ ಗೆರೆ ಎಳೆದು ನೋಡಿದ. ಬೆಳ್ಳಗೆ ಮೂಡಿತು. ಅವನ ಮುಖ ಅರಳಿತು. "ಟೀಚರ್?" ಎಂದು ಕೇಳಿದ. ನಮ್ಮವರು ನನ್ನ ಕಡೆ ಒಮ್ಮೆ ನೋಡಿ, "ಯಸ್ ಯಸ್, ಟೀಚರ್" ಎಂದುಬಿಟ್ಟರು. ಮೂರನೇ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಜೊತೆ ಹತ್ತಿ ತೂಗಲು ನಿಂತವರು ಹೀಗೆ ಪರದೇಶದಲ್ಲಿ ಮಾಸ್ತರರಾದರು.

ಹ್ಯಾನೋವರಿನ ಸ್ಟೇಷನ್ನು

ಅಲ್ಲಿಂದ ರೈಲು ಹಿಡಿದು ಬೆಳಿಗ್ಗೆ ಹ್ಯಾನೋವರಿನಲ್ಲಿ ಇಳಿದೆವು. ಕಂಪನಿಯವರು ನಮ್ಮನ್ನು ನೋಡಿಕೊಳ್ಳಲು ಹೆಲ್ಗಾ ಎಂಬ ಹೆಂಗಸನ್ನು ಕಳಿಸಿದ್ದರು. ನನಗಿಂತ ಸ್ವಲ್ಪ ಹಿರಿಯಳು, ನಮ್ಮವರಿಗಿಂತ ಒಂದು ಗೇಣು ಎತ್ತರ. ಬಿಸಿಲಿದ್ದರೂ ಮಳೆ ಕೋಟು, ಕೈಯಲ್ಲಿ ಛತ್ರಿ. ಒಂದು ರಟ್ಟಿನ ಮೇಲೆ "ಹೆರ್ ದಾವಣಗೆರೆ" ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಎದೆಗೆ ಹಿಡಿದು ನಿಂತಿದ್ದಳು. ಹೆರ್ ಎಂದರೆ ಶ್ರೀಯುತರು. ನಮ್ಮಲ್ಲಿ ಹೆಸರು ಬರೆಯುವಾಗ ಮೊದಲು ಊರು ಬರುತ್ತದೆ, ಆಮೇಲೆ ಅಪ್ಪ ಬರುತ್ತಾನೆ, ಎಲ್ಲರೂ ಬಂದ ಮೇಲೆ ಪುರುಸೊತ್ತಿನಲ್ಲಿ ನಾವು ಬರುತ್ತೇವೆ. ಅವರಲ್ಲಿ ಅಷ್ಟು ಹೊತ್ತು ಕಾಯುವ ಪದ್ಧತಿ ಇಲ್ಲ. ಹೀಗಾಗಿ ನಮ್ಮವರು ಶ್ರೀಯುತ ದಾವಣಗೆರೆ, ನಾನು ಶ್ರೀಮತಿ ದಾವಣಗೆರೆ. ತುಂಗಭದ್ರೆಯ ನೀರು ಕುಡಿದು ಬೆಳೆದ ಹರಿಹರದ ಮಗಳಿಗೆ ಇದು ಕೊಂಚ ಅವಮಾನವೇ.

ನಾನು ಹರಿಹರದಲ್ಲಿ ಮಿಡ್ಲ್ ಸ್ಕೂಲಿನವರೆಗೆ ಓದಿದವಳು. ನನ್ನ ಇಂಗ್ಲಿಷು ಕುಂಟುತ್ತಿತ್ತು, ಹೆಲ್ಗಾಳದೂ ಕುಂಟುತ್ತಿತ್ತು. ಇಬ್ಬರು ಕುಂಟರು ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ನಡೆದ ಹಾಗೆ ನಮ್ಮ ಮಾತು ಸಾಗಿತು. ಅವಳು ಹೇಳಿದ್ದರಲ್ಲಿ ತಿಳಿದದ್ದು ಇದು: ಸಂತೆಗೆ ಜನ ಸೇರಿ ಊರೆಲ್ಲ ತುಂಬಿದೆ, ಹೋಟೆಲಿನ ಕೋಣೆ ಮಧ್ಯಾಹ್ನದ ಮೇಲೇ ಖಾಲಿಯಾಗುವುದು, ಅಲ್ಲಿಯವರೆಗೆ ಸಾಮಾನು ಇಟ್ಟು ಎಲ್ಲಾದರೂ ತಿರುಗಾಡಬೇಕು.

ಇದನ್ನು ಹೇಳಿದಾಗ ನಮ್ಮವರ ಮುಖ ನೋಡಬೇಕಿತ್ತು. ಕೊರಳಲ್ಲಿರುವ ಇಷ್ಟಲಿಂಗದ ಪೂಜೆ ಮುಗಿಯದೆ ಅವರು ತೊಟ್ಟು ನೀರನ್ನೂ ಬಾಯಿಗೆ ಹಾಕುವವರಲ್ಲ. ನಾನೂ ಲಿಂಗ ಕಟ್ಟಿದವಳೇ. ರೈಲಿನಲ್ಲಿ ಒದ್ದೆ ಬಟ್ಟೆಯಿಂದ ಮೈಕೈ ಒರೆಸಿಕೊಂಡು, ಕೂತ ಜಾಗದಲ್ಲೇ ಪೂಜೆ ಮುಗಿಸಿ, ಎರಡು ಹಿಡಿ ಅವಲಕ್ಕಿ ತಿಂದು ಗಟ್ಟಿಯಾಗಿದ್ದೆ. ಅವರಿಗೆ ಹಾಗಲ್ಲ. ಕಾಲು ತೊಳೆಯಲು ನೀರು ಬೇಕು, ಮಡಿಸಿದ ಪಂಚೆ ಬೇಕು, ಸುತ್ತ ಸದ್ದಿರಬಾರದು. "ಶಿವ ಎಲ್ಲಾ ಕಡಿಗೂ ಅದಾನ್ರಿ, ರೈಲಿನಾಗೂ ಅದಾನೆ" ಎಂದು ನಾನು ಹೇಳಿದರೆ, "ಶಿವ ಅದಾನೆ, ನಲ್ಲಿ ಎಲ್ಲೈತೆ?" ಎಂದು ಗದರಿದ್ದರು.

"ಇಲ್ಲಿಯ ಅರಸರ ತೋಟ ತೋರಿಸುತ್ತೇನೆ, ಬಹಳ ಹಳೆಯದು, ಬಹಳ ಶಾಂತ" ಎಂದಳು ಹೆಲ್ಗಾ. ಶಾಂತ ಎಂಬ ಮಾತನ್ನು ನಾನು ಕನ್ನಡಕ್ಕೆ ತಂದಾಗ ನಮ್ಮವರ ಕಣ್ಣಿನಲ್ಲಿ ಒಂದು ಬೆಳಕು ಬಂತು. ಪೆಟ್ಟಿಗೆಗಳನ್ನೆಲ್ಲ ಸ್ಟೇಷನ್ನಿನಲ್ಲಿ ಬಿಟ್ಟರೂ ಪೂಜೆಯ ಚೀಲವನ್ನು ಮಾತ್ರ ಬಗಲಿಗೆ ಹಾಕಿಕೊಂಡರು. ನಾನು ರೊಟ್ಟಿಯ ಗಂಟು ಹಿಡಿದೆ. ಮೂವರೂ ಟ್ರಾಮು ಹತ್ತಿದೆವು.

ಅರಸರ ತೋಟ

ಆ ತೋಟವನ್ನು ಹೇಗೆ ಬಣ್ಣಿಸಲಿ? ನಮ್ಮಲ್ಲಿ ಗಿಡ ತನಗೆ ತೋಚಿದ ಹಾಗೆ ಬೆಳೆಯುತ್ತದೆ, ನಾವು ಅದರ ಕೆಳಗೆ ಬಗ್ಗಿ ಹೋಗುತ್ತೇವೆ. ಅಲ್ಲಿ ಗಿಡಗಳು ಸಿಪಾಯಿಗಳ ಹಾಗೆ ಸಾಲು ಹಿಡಿದು ನಿಂತಿವೆ. ಒಂದು ದುಂಡಗೆ, ಒಂದು ಚೌಕ, ಒಂದು ಗೋಪುರದ ಹಾಗೆ ಮೊನಚು. ಒಂದು ಎಲೆಯೂ ಹೊರಗೆ ಚಾಚಿಲ್ಲ. ಹೂವಿನ ಮಡಿಗಳಂತೂ ಯಾರೋ ರಂಗೋಲಿ ಬಿಟ್ಟು ಅದರ ಗೆರೆಗಳಿಗೆ ಬಣ್ಣ ತುಂಬಿದಂತೆ. ನಡುವೆ ಒಂದು ಕಾರಂಜಿ, ಕತ್ತು ನೋಯುವಷ್ಟು ಎತ್ತರಕ್ಕೆ ನೀರು ಚಿಮ್ಮುತ್ತಿತ್ತು. ತೋಟದ ಮೂರು ಬದಿಗೂ ಅಗಲವಾದ ಕಾಲುವೆ. ಹುಲ್ಲಿನ ಮೇಲೆ ನಡೆಯಬಾರದು ಎಂಬ ಬೋರ್ಡನ್ನು ಹೆಲ್ಗಾ ನಮಗೆ ಓದಿ ಹೇಳಿದಳು. ಅಷ್ಟು ಹಸಿರು ಹುಲ್ಲಿದ್ದರೂ ಒಂದು ದನ ಇಲ್ಲವಲ್ಲ ಎಂದು ನನಗೆ ಸಂಕಟವಾಯಿತು.

"ಎಲ್ಲಾ ಸರಿ, ಅರಮನೆ ಎಲ್ಲೈತೆ ಕೇಳು" ಎಂದರು ನಮ್ಮವರು.

ಹೆಲ್ಗಾ ಛತ್ರಿಯ ತುದಿಯಿಂದ ಒಂದು ಬಯಲು ತೋರಿಸಿದಳು. ಅಲ್ಲಿ ಏನೂ ಇರಲಿಲ್ಲ. ಇಪ್ಪತ್ತು ವರ್ಷದ ಹಿಂದಿನ ಯುದ್ಧದಲ್ಲಿ ಬಾಂಬು ಬಿದ್ದು ಒಂದೇ ರಾತ್ರಿಯಲ್ಲಿ ಸುಟ್ಟುಹೋಯಿತಂತೆ. ಊರಿನ ಬಹುಪಾಲೂ ಹಾಗೆಯೇ ಹೋಯಿತು ಎಂದಳು. ನಮ್ಮವರು ಹ್ಯಾಟು ತೆಗೆದು ಆ ಬಯಲನ್ನೊಮ್ಮೆ ನೋಡಿ, "ಮನಿ ಸುಟ್ಟು ಬೂದಿ ಆಗೈತೆ, ಹಿತ್ತಲಕ್ಕೆ ಮಾತ್ರ ದಿನಾ ಕ್ಷೌರ ಮಾಡ್ತಾರೆ. ಇವ್ರ ಛಲ ಭಾರಿ ಐತೆ" ಎಂದರು. ಅದು ಅವರ ಮೆಚ್ಚುಗೆಯ ಮಾತು.

ಇನ್ನೊಂದು ಸಂಗತಿಯನ್ನೂ ಹೆಲ್ಗಾ ಹೇಳಿದಳು. ಈ ಮನೆತನದವರೇ ಮುಂದೆ ಇಂಗ್ಲೆಂಡಿಗೆ ಹೋಗಿ ಅಲ್ಲಿಯ ಸಿಂಹಾಸನ ಏರಿದರಂತೆ. ಅಂದರೆ ನಮ್ಮ ಮೈಸೂರು ಮಹಾರಾಜರ ತಲೆಯ ಮೇಲೆ ಕೂತಿದ್ದವರ ಮೂಲ ಹಿತ್ತಲು ಇದು. ಇದನ್ನು ಕೇಳಿದ ಮೇಲೆ ನಮ್ಮವರ ನಡಿಗೆಯೇ ಬದಲಾಯಿತು. ಹೊಲ ಕೊಳ್ಳಲು ಬಂದವರ ಹಾಗೆ ಕೈ ಹಿಂದೆ ಕಟ್ಟಿಕೊಂಡು ನೋಡತೊಡಗಿದರು.

ಆದರೆ ಹೊಟ್ಟೆ ಕೇಳಬೇಕಲ್ಲ. ಸ್ವಲ್ಪ ಹೊತ್ತಿಗೆ ತಲೆ ಹಿಡಿದುಕೊಂಡು ಒಂದು ಬೆಂಚಿನ ಮೇಲೆ ಕೂತುಬಿಟ್ಟರು. "ನೀವಿಬ್ರೂ ತಿರುಗಾಡ್ಕಂಡ್ ಬರ್ರಿ. ನಾ ಇಲ್ಲೇ ಕುಂತಿರ್ತೀನಿ" ಎಂದರು. ಪೂಜೆಯ ಚೀಲವನ್ನು ಅವರು ತೊಡೆಯ ಮೇಲೆ ಇಟ್ಟುಕೊಂಡ ರೀತಿ ನೋಡಿಯೇ ನನಗೆ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ.

ಗಿಡದ ಗೋಡೆಗಳ ಒಳಗೆ

ಹೆಲ್ಗಾ ನನ್ನನ್ನು ಒಂದು ಚಕ್ರವ್ಯೂಹಕ್ಕೆ ಕರೆದೊಯ್ದಳು. ಗಿಡಗಳನ್ನೇ ಆಳೆತ್ತರದ ಗೋಡೆಯಾಗಿ ಬೆಳೆಸಿ, ಓಣಿಯೊಳಗೆ ಓಣಿ, ತಿರುವಿನ ಮೇಲೆ ತಿರುವು ಮಾಡಿದ್ದಾರೆ. ದಾರಿ ತಪ್ಪುವುದಕ್ಕೆಂದೇ ದೊಡ್ಡ ಮನುಷ್ಯರು ಒಳಗೆ ಹೋಗುತ್ತಾರೆ. ನಮ್ಮ ದಾವಣಗೆರೆಯ ಹಳೇಪೇಟೆಯಲ್ಲಿ ಇದು ಪುಕ್ಕಟೆ ಆಗುತ್ತದೆ ಎಂದು ಹೇಳಬೇಕೆಂದುಕೊಂಡೆ, ಇಂಗ್ಲಿಷು ಸಾಲಲಿಲ್ಲ.

"ನಾನು ಚಿಕ್ಕವಳಿದ್ದಾಗಿನಿಂದ ಬರುತ್ತಿದ್ದೇನೆ, ಕಣ್ಣು ಕಟ್ಟಿದರೂ ಹೊರಗೆ ಬರುತ್ತೇನೆ" ಎಂದಳು ಹೆಲ್ಗಾ. ನಾನು ಸೆರಗು ಬಿಗಿದುಕೊಂಡು ಅವಳ ಹಿಂದೆ ನಡೆದೆ. ನಡೆದೆವು, ನಡೆದೆವು. ಒಂದು ಮೂಲೆ ಬಂತು, ತಿರುಗಿದೆವು. ಅದೇ ಮೂಲೆ ಮತ್ತೆ ಬಂತು. ಹೆಲ್ಗಾಳ ಮುಖ ಸ್ವಲ್ಪ ಕೆಂಪಾಯಿತು. "ಯುದ್ಧ ಆದ ಮೇಲೆ ಬೇರೆ ಗಿಡ ನೆಟ್ಟಿರಬೇಕು" ಎಂದಳು. ಹೆಜ್ಜೆ ತಪ್ಪಿದ ಮೇಲೆ ಅಂಗಳ ಡೊಂಕು ಎನ್ನುವುದು ಎಲ್ಲ ದೇಶದಲ್ಲೂ ಒಂದೇ ಎಂದು ನನಗೆ ಬಹಳ ಸಮಾಧಾನವಾಯಿತು. ಇಬ್ಬರಿಗೂ ನಗು ಬಂತು. ಗಿಡದ ಗೋಡೆಗೆ ಆತುಕೊಂಡು ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ಆಗಲೇ ಎಲ್ಲೋ ಹತ್ತಿರದಲ್ಲಿ ಸೀಟಿ ಊದಿದ ಸದ್ದು ಕೇಳಿತು. ಮತ್ತೆ ಮತ್ತೆ ಊದಿದರು. ಜನ ಓಡುವ ಸಪ್ಪಳ. ಆ ಸದ್ದು ಹಿಡಿದೇ ನಾವು ಹೊರಗೆ ಬಂದೆವು. ಬೆಂಚಿನ ಮೇಲೆ ನಮ್ಮವರು ಇರಲಿಲ್ಲ.

ಕಾಲುವೆಯ ದಂಡೆ

ಜನ ಕಾಲುವೆಯ ಬಳಿ ಗುಂಪುಗೂಡಿದ್ದರು. ನುಗ್ಗಿ ನೋಡಿದೆ. ದಂಡೆಯ ಕಲ್ಲಿನ ಮೇಲೆ ನಮ್ಮವರ ಬೂಟುಗಳು ಜೋಡಿಯಾಗಿ ಕೂತಿದ್ದವು. ಬೂಟಿನೊಳಗೆ ಕಾಲುಚೀಲ. ಪಕ್ಕದಲ್ಲಿ ಮಡಿಸಿದ ಕೋಟು, ಮಡಿಸಿದ ಪ್ಯಾಂಟು, ಅದರ ಮೇಲೆ ಸುರುಳಿ ಸುತ್ತಿದ ಟೈ, ಎಲ್ಲದರ ಮೇಲೆ ಹ್ಯಾಟು. ಬಟ್ಟೆಯನ್ನು ಹಾಗೆ ಒಪ್ಪವಾಗಿ ಮಡಿಸುವುದನ್ನು ಅವರಿಗೆ ಕಲಿಸಿದವಳು ನಾನೇ.

ಹರಿಹರದ ಹೊಳೆಯ ದಂಡೆಯಲ್ಲಿ ಬಟ್ಟೆ ಕಂಡರೆ ಯಾರೋ ಜಳಕಕ್ಕೆ ಇಳಿದಿದ್ದಾರೆ ಎಂದು ತಿಳಿದು, ತುಳಿಯದಂತೆ ದಾಟಿ ಹೋಗುತ್ತೇವೆ. ಆ ದೇಶದಲ್ಲಿ ನೀರಿನ ದಂಡೆಯಲ್ಲಿ ಕೋಟು ಬೂಟು ಮಡಿಸಿಟ್ಟಿದ್ದರೆ ಅದಕ್ಕೆ ಒಂದೇ ಅರ್ಥವಂತೆ: ಅದರ ಒಡೆಯನಿಗೆ ಬದುಕು ಸಾಕಾಗಿದೆ. ಹಸಿರು ಟೋಪಿಯ ಕಾವಲುಗಾರನೊಬ್ಬ ಸೀಟಿ ಊದುತ್ತಿದ್ದ, ಇನ್ನೊಬ್ಬ ಉದ್ದನೆಯ ಕೊಕ್ಕೆಗೋಲು ಹಿಡಿದು ನೀರಿನ ತಳ ಕೆದಕುತ್ತಿದ್ದ.

ಮೊದಲು ನನಗೆ ನಗುವೇ ಬಂತು. ಕಾಲು ತೊಳೆದು, ಪಂಚೆ ಉಟ್ಟು, ಎಲ್ಲೋ ಪೂಜೆಗೆ ಕೂತಿದ್ದಾರೆ, ಇವರಿಗೆ ಹೇಳೋಣ ಎಂದು ಹೆಲ್ಗಾಳ ಕಡೆ ತಿರುಗಿದೆ. ಆಗ ನೀರಿನ ನಡುವೆ ತೇಲುತ್ತಿದ್ದ ಹಿತ್ತಾಳೆಯ ಸಣ್ಣ ತಂಬಿಗೆ ಕಣ್ಣಿಗೆ ಬಿತ್ತು. ಅದು ನಮ್ಮ ಪೂಜೆಯ ತಂಬಿಗೆ. ನೀರು ತುಂಬಿಕೊಳ್ಳಲು ಬಗ್ಗಿದವರ ಕೈಯಿಂದ ಅದು ಜಾರಿದೆ. ಹಿಡಿಯಲು ಮುಂದೆ ಬಾಗಿದ್ದಾರೆ. ಮುಂದಿನದನ್ನು ಯಾರೂ ಹೇಳಬೇಕಾಗಿರಲಿಲ್ಲ. ನಾನು ಹೊಳೆಯ ದಂಡೆಯವಳು, ಅಂಥ ತಂಬಿಗೆಗಳನ್ನು ಎರಡು ಸಲ ನೋಡಿದ್ದೇನೆ. ದಾವಣಗೆರೆಯವರಿಗೆ ನೀರು ಎಂದರೆ ನಲ್ಲಿಯ ನೀರು. ನಮ್ಮವರು ಕೊಳಗಕ್ಕಿಂತ ಆಳವಾದ ನೀರಿಗೆ ಎಂದೂ ಇಳಿದವರಲ್ಲ.

ರೊಟ್ಟಿಯ ಗಂಟು ಎಲ್ಲಿ ಬಿತ್ತೋ ನೆನಪಿಲ್ಲ.

ಕಾವಲುಗಾರ ಹೆಸರು ಕೇಳಿದ. ಹೆಲ್ಗಾ "ಹೆರ್ ದಾವಣಗೆರೆ" ಎಂದಳು. ಅವನು ತಗಡಿನ ತುತ್ತೂರಿಯೊಂದನ್ನು ಬಾಯಿಗೆ ಹಿಡಿದು ನಾಲ್ಕು ದಿಕ್ಕಿಗೂ ಕೂಗಿದ: "ದಾಫಾನ್‌ಗೇರೆ! ದಾಫಾನ್‌ಗೇರೆ!" ಇನ್ನೊಂದು ಬದಿಯಿಂದ ಮತ್ತೊಬ್ಬ ಕೂಗಿದ. ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಕೂಗುವುದು ಥೇಟ್ ಹೀಗೆಯೇ. ಈಗ ಬರೆಯುವಾಗ ನಗುತ್ತಿದ್ದೇನೆ. ಆಗ ನಾನು ಹೆಲ್ಗಾಳ ತೋಳು ಹಿಡಿದು ಅಲುಗಿಸುತ್ತ, ಅದು ಅವರ ಹೆಸರಲ್ಲ, ಅದಕ್ಕೆ ಅವರು ಓಗೊಡುವುದಿಲ್ಲ ಎಂದು ಅಳುತ್ತಿದ್ದೆ.

"ಹಾಗಾದರೆ ನೀನು ಏನೆಂದು ಕರೆಯುತ್ತೀ?"

ನಾನು ಏನೆಂದು ಕರೆಯುತ್ತೇನೆ? "ರೀ" ಎನ್ನುತ್ತೇನೆ. ಬಾಗಿಲಲ್ಲಿ ನಿಂತು "ರೀ, ನೀರು ಕಾದೈತೆ" ಎನ್ನುತ್ತೇನೆ. ಅದನ್ನೇ ಹೇಳಿದೆ. ತಕ್ಷಣ ಕಾವಲುಗಾರರು, ನೋಡಲು ನಿಂತವರು, ಮಗುವಿನ ಗಾಡಿ ತಳ್ಳುತ್ತಿದ್ದ ಮುದುಕ, ಎಲ್ಲರೂ ಸೇರಿ "ರೀ! ಹೆರ್ ರೀ!" ಎಂದು ಕೂಗತೊಡಗಿದರು. ಅವರ ಗದ್ದಲದಲ್ಲಿ ನನ್ನ "ರೀ" ನನಗೇ ಕೇಳಿಸಲಿಲ್ಲ. ಯಾವ ಕಡೆಯಿಂದಲೂ ಉತ್ತರವಿಲ್ಲ.

ಹೆಲ್ಗಾ ಎರಡೂ ಕೈಯಿಂದ ನನ್ನ ಭುಜ ಹಿಡಿದುಕೊಂಡಳು. "ಅದಲ್ಲ. ಅವನ ತಾಯಿ ಇಟ್ಟ ಹೆಸರು. ಅದನ್ನು ಹೇಳು" ಎಂದಳು.

ಬಾಯಿ ತೆರೆದೆ. ಬರಲಿಲ್ಲ. ಹೇಳಿದರೆ ಆಯುಷ್ಯ ಕಡಿಮೆ ಎಂದಿದ್ದಳು ಅವ್ವ. ಅವರು ಎಲ್ಲೋ ಒಂದು ಉಸಿರು ಹಿಡಿದುಕೊಂಡು ಬದುಕಿದ್ದರೆ, ಆ ಒಂದು ಉಸಿರನ್ನು ನಾನೇ ಕಿತ್ತುಕೊಂಡಂತಾದರೆ? ಹುಚ್ಚು ಎನ್ನಿ. ಅಷ್ಟು ವರ್ಷ ಬಿಗಿಹಿಡಿದ ನಾಲಿಗೆ, ಬೇಕೆಂದಾಗ ಬಿಚ್ಚುವುದಿಲ್ಲ.

ಆಗ ಕೊಕ್ಕೆಗೋಲಿನವನು "ಹೋ" ಎಂದ. ಕೊಕ್ಕೆಗೆ ಏನೋ ಭಾರವಾದದ್ದು ಸಿಕ್ಕಿತ್ತು. ಕಪ್ಪಗೆ, ಬಟ್ಟೆಯಂತೆ, ನೀರೊಳಗಿಂದ ನಿಧಾನ ಮೇಲಕ್ಕೆ ಬರುತ್ತಿತ್ತು.

"ಮುರಿಗೆಪ್ಪಾ!"

ಕೂಗಿದವಳು ನಾನೇ. ಮೊದಲು ನನಗೆ ತಿಳಿಯಲಿಲ್ಲ. "ಮುರಿಗೆಪ್ಪಾ! ಏ ಮುರಿಗೆಪ್ಪಾ!" ಹರಿಹರದ ಹೊಳೆಯ ಈ ದಂಡೆಯಿಂದ ಆ ದಂಡೆಗೆ ಕರೆಯುವ ದನಿ ಅದು, ಕೂಸಾಗಿದ್ದಾಗಿನಿಂದ ಪಳಗಿದ್ದು. ಅದು ಕಾಲುವೆ ದಾಟಿತು, ರಂಗೋಲಿಯ ಹೂಮಡಿ ದಾಟಿತು, ಕಾರಂಜಿಯನ್ನೂ ದಾಟಿತು.

ಎಡಗಡೆಯ ಗಿಡದ ಗೋಡೆಯ ಆಚೆಯಿಂದ ಉತ್ತರ ಬಂತು.

"ಓ! ಬಂದೆ ಅವ್ವಾ!"

ಗಿಡದ ನಾಟಕಶಾಲೆ

ಕೊಕ್ಕೆಗೆ ಸಿಕ್ಕಿದ್ದು ಕೊಳೆತ ಎಲೆ ತುಂಬಿದ ಹಳೆಯ ಗೋಣಿಚೀಲ. ಅದನ್ನು ನೋಡುವಷ್ಟು ಹೊತ್ತು ನಾನು ಅಲ್ಲಿ ನಿಲ್ಲಲಿಲ್ಲ. ದನಿ ಬಂದ ಕಡೆ ಓಡಿದೆ. ಹುಲ್ಲಿನ ಮೇಲೆಯೇ ಓಡಿದೆ. ನಿಯಮದ ಹೆಲ್ಗಾ ಕೂಡ ನನ್ನ ಹಿಂದೆ ಹುಲ್ಲು ತುಳಿಯುತ್ತ ಓಡಿ ಬಂದಳು.

ಗೋಡೆಯ ಆಚೆ ಅರಸರ ಕಾಲದ ಬಯಲು ನಾಟಕಶಾಲೆ. ಪರದೆಗಳ ಬದಲು ಗಿಡದ ಬೇಲಿಗಳು, ರಂಗದ ಎರಡು ಬದಿಗೂ ಬಂಗಾರದ ಬಣ್ಣದ ಬೊಂಬೆಗಳ ಸಾಲು. ಎದುರಿಗೆ ಪ್ರೇಕ್ಷಕರು ಕೂರುವ ಆಸನಗಳು. ರಂಗದ ನಟ್ಟನಡುವೆ, ಬೊಂಬೆಗಳ ಸಾಲಿನಲ್ಲಿ, ನಮ್ಮವರು ನಿಂತಿದ್ದರು. ಪಂಚೆ ಉಟ್ಟು, ಬರಿ ಮೈಗೆ ಶಾಲು ಹೊದ್ದು, ಹಣೆಗೆ ಮೂರು ಗೆರೆ ವಿಭೂತಿ, ಎಡ ಅಂಗೈಯ ಮೇಲೆ ಲಿಂಗ. ಚಳಿಗೆ ಮೈ ನಡುಗುತ್ತಿತ್ತು. ಕಣ್ಣು ನನ್ನನ್ನು ನೋಡುತ್ತಿದ್ದರೂ ಇನ್ನೂ ಬೇರೆ ಯಾರನ್ನೋ ಹುಡುಕುವಂತಿತ್ತು.

ನನಗೆ ಅವರನ್ನು ಅಪ್ಪಿಕೊಳ್ಳಬೇಕೆನಿಸಿತು. ಹಿಡಿದು ಬಾರಿಸಬೇಕೆಂದೂ ಅನಿಸಿತು. ಎರಡೂ ಆಗುವ ಹಾಗಿರಲಿಲ್ಲ, ಅಂಗೈಯಲ್ಲಿ ಲಿಂಗವಿತ್ತು. "ಬೆಂಚಿನ ಮ್ಯಾಲೆ ಕುಂತಿರ್ತೀನಿ ಅಂದೋರು ಯಾರು? ಯಾರು ಅಂದೋರು?" ಎಂದು ಮಾತ್ರ ಕೇಳಿ ಅತ್ತುಬಿಟ್ಟೆ.

ಅವರ ಪೂಜೆ ಅರ್ಧಕ್ಕೆ ನಿಂತಿತ್ತಲ್ಲ. ಬಲಗೈ ಎತ್ತಿ ಸ್ವಲ್ಪ ತಾಳು ಎಂದು ಸನ್ನೆ ಮಾಡಿ, ಮತ್ತೆ ಅಲ್ಲೇ ಕೂತು ಕಣ್ಣು ಮುಚ್ಚಿದರು. ಅಷ್ಟರಲ್ಲಿ ಕಾವಲುಗಾರರೂ ಜನರೂ ಬಂದರು. ಇವನು ಏನು ಮಾಡುತ್ತಿದ್ದಾನೆ ಎಂದು ಅವರು ಹೆಲ್ಗಾಳನ್ನು ಕೇಳಿದರು. "ಅವನು ಚರ್ಚಿನಲ್ಲಿದ್ದಾನೆ" ಎಂದಳು ಅವಳು. ಇನ್ನೇನು ಮಾಡುವುದು, ಎದುರಿಗೆ ಆಸನಗಳಿದ್ದವು. ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಕಾವಲುಗಾರ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಒಂದು ಕೆಮ್ಮಿಲ್ಲ, ಪಿಸುಮಾತಿಲ್ಲ. ನಮ್ಮ ಮನೆಯಲ್ಲಿ ಪೂಜೆಯ ಹೊತ್ತಿಗೆ ಒಂದು ದಿನವೂ ಸಿಗದ ನಿಶ್ಶಬ್ದ ಅವರಿಗೆ ಅಂದು ಸಿಕ್ಕಿತು.

ಪೂಜೆ ಮುಗಿಸಿ, ಲಿಂಗವನ್ನು ಕಣ್ಣಿಗೊತ್ತಿಕೊಂಡು ಬೆಳ್ಳಿಯ ಕರಡಿಗೆಯಲ್ಲಿಟ್ಟು ಅವರು ಎದ್ದು ನಿಂತಾಗ, ಮಗುವಿನ ಗಾಡಿಯ ಮುದುಕ ಚಪ್ಪಾಳೆ ತಟ್ಟಿದ. ಉಳಿದವರೂ ತಟ್ಟಿದರು. ನಮ್ಮವರು ತಬ್ಬಿಬ್ಬಾಗಿ ಎಲ್ಲರಿಗೂ ಕೈಮುಗಿದರು. ಕಾವಲುಗಾರ ಮಾತ್ರ ತನ್ನ ಕೆಲಸ ಬಿಡಲಿಲ್ಲ; ಟೋಪಿ ಹಾಕಿಕೊಂಡು ಬಹಳ ಹೊತ್ತು ಏನೋ ಗಂಭೀರವಾಗಿ ಹೇಳಿದ. ಅದನ್ನು ಹೆಲ್ಗಾ ಅರ್ಧ ಮಾಡಿ ಇಂಗ್ಲಿಷಿಗೆ ತಂದಳು. ನಾನು ಅದರ ಅರ್ಧ ಮಾಡಿ, "ಇನ್ನು ಮ್ಯಾಲೆ ಹಿಂಗೆ ಮಾಡಬ್ಯಾಡ್ರಿ ಅಂತಾರೆ" ಎಂದೆ. "ಆತು ಅನ್ನು" ಎಂದರು.

"ಅಷ್ಟು ಮಂದಿ ಒದರಿದ್ರಲ್ಲ, ಕಿವಿಗೆ ಬೀಳ್ಲಿಲ್ಲೇನು?" ಎಂದು ಆಮೇಲೆ ಕೇಳಿದೆ.

"ಬಿತ್ತು. ಯಾರೋ ದಾವಣಗೆರೆ ದಾವಣಗೆರೆ ಅಂತಿದ್ರು. ಪೂಜೆಗೆ ಕುಂತ್ರೂ ಮನಸು ಬಸ್ ಸ್ಟ್ಯಾಂಡಿಗೆ ಹೋಗೈತೆ ನೋಡು ಅಂತ ಕಣ್ಣು ಇನ್ನೂ ಬಿಗಿ ಮಾಡ್ದೆ."

"ಮತ್ತೆ, ರೀ ಅಂದದ್ದು?"

"ಗಂಡಸ್ರು ರೀ ಅಂತ ಕರದ್ರೆ ನಾ ಯಾಕ ಬರ್ಲಿ?"

ತಂಬಿಗೆಯ ವಿಷಯಕ್ಕೆ ಬಂದಾಗ ಸ್ವಲ್ಪ ತಲೆ ತಗ್ಗಿಸಿದರು. ಕೈಜಾರಿ ಹೋಯಿತಂತೆ, ಹಿಡಿಯಲು ಹೋಗದೆ ಬೊಗಸೆಯಲ್ಲೇ ನೀರು ತೆಗೆದುಕೊಂಡು ಬಂದರಂತೆ. "ನಾ ಏನ್ ಹುಚ್ಚನೇ, ನೀರಿಗೆ ಇಳಿಯಾಕೆ?" ಎಂದರು. ಇಷ್ಟು ವಿವೇಕ ಅವರಲ್ಲಿ ಇದೆ ಎಂದು ನನಗೆ ಮೊದಲೇ ಗೊತ್ತಿದ್ದರೆ ಇಡೀ ತೋಟವನ್ನು ಎಬ್ಬಿಸುತ್ತಿರಲಿಲ್ಲ.

ಬೆಂಚಿನ ಮೇಲೆ

ಯಾರೋ ಪುಣ್ಯಾತ್ಮರು ರೊಟ್ಟಿಯ ಗಂಟನ್ನು ಬೆಂಚಿನ ಮೇಲೆ ತಂದಿಟ್ಟಿದ್ದರು. ಖಡಕ್ ರೊಟ್ಟಿ ಪುಡಿಪುಡಿಯಾಗಿತ್ತು. ಚಟ್ನಿಪುಡಿಗೆ ಎಣ್ಣೆ ಕಲಸಿ ಮೂವರೂ ಆ ಚೂರುಗಳನ್ನೇ ತಿಂದೆವು. ಹೆಲ್ಗಾಳ ಕಣ್ಣಲ್ಲಿ ನೀರು ಬಂತು. ಖಾರ ಎಂದು ನಾನು ನೀರು ಕೊಡಹೋದೆ. ಖಾರವಲ್ಲ ಎಂದು ತಲೆಯಾಡಿಸಿದಳು.

"ಆ ರಾತ್ರಿ, ಊರು ಸುಟ್ಟ ರಾತ್ರಿ, ನಾನೂ ಬೀದಿಯಲ್ಲಿ ನಿಂತು ಹೀಗೆಯೇ ನನ್ನ ಗಂಡನನ್ನು ಕರೆದೆ" ಎಂದಳು. ನಾನು ರೊಟ್ಟಿಯ ಚೂರು ಕೆಳಗಿಟ್ಟು ಅವಳ ಕೈ ಹಿಡಿದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಅವಳು ಕೋಟು ಕೊಡವಿಕೊಂಡು ಎದ್ದು, ಕಾವಲುಗಾರ ನೀರಿನಿಂದ ತೆಗೆದ ತಂಬಿಗೆಯನ್ನು ತರುತ್ತೇನೆಂದು ಹೋದಳು.

ನಾವಿಬ್ಬರೇ ಉಳಿದೆವು. ನಮ್ಮವರು ಕೋಟು ಹಾಕಿಕೊಂಡು ಬೆಚ್ಚಗಾಗಿದ್ದರು. ಹಣೆಯ ವಿಭೂತಿ ಹಾಗೇ ಇತ್ತು. ನಾನು ಅವರ ಮುಖ ನೋಡಲಾರದೆ ಕೂತಿದ್ದೆ. ಸಾವಿರ ಮಂದಿಯ ನಡುವೆ ಗಂಡನ ಹೆಸರು ಹಿಡಿದು ಒದರಿದವಳು. ಅದೂ ಏ ಎಂದು. ಹರಿಹರದಲ್ಲಿ ತಿಳಿದರೆ ಅವ್ವ ಏನೆಂದಾಳು, ದಾವಣಗೆರೆಯಲ್ಲಿ ತಿಳಿದರೆ ಜನ ಏನೆಂದಾರು. ಬೈಯುತ್ತಾರೆ ಎಂದುಕೊಂಡೆ.

"ನಮ್ಮವ್ವ ಕರದಂಗೇ ಆತು" ಎಂದರು ಅವರು.

ನಾನು ಉಳಿದ ರೊಟ್ಟಿಯ ಚೂರುಗಳನ್ನು ಗಂಟಿಗೆ ಕಟ್ಟತೊಡಗಿದೆ.

"ಅವ್ವ ಹೋದ ಮ್ಯಾಲೆ ಆ ಹೆಸರು ಹಿಡಿದು ನನ್ನ ಯಾರೂ ಕರೆದಿಲ್ಲ ನೋಡು. ಮಾರ್ಕೆಟ್ನಾಗ ಸಾವ್ಕಾರ್ರು ಅಂತಾರೆ. ತಮ್ಮಗಳು ಅಣ್ಣ ಅಂತಾರೆ, ಮಕ್ಳು ಅಪ್ಪಾಜಿ. ನೀನು ರೀ ಅಂತೀಯ." ಕಾರಂಜಿಯ ಕಡೆ ತಿರುಗಿದರು. "ಕಣ್ಣು ಮುಚ್ಚಿದ್ದೆ. ಯಾರೋ ಮುರಿಗೆಪ್ಪಾ ಅಂದ್ರು. ಹತ್ತು ವರ್ಷದ ಹುಡುಗ ಆಗಿಬಿಟ್ಟೆ. ಉಣ್ಣಾಕೆ ಕರೀತಾಳೆ ಅಂತ ಎದ್ದುಬಿಟ್ಟೆ."

"ಹೆಸರು ಹೇಳಿದ್ರೆ ಆಯುಷ್ಯ ಕಡಿಮಿ ಆಗ್ತೈತೆ ಅಂತಾರ್ರೀ" ಎಂದೆ. ಆ ಭಯ ಆಗಲೂ ನನ್ನಲ್ಲಿ ನಿಜವಾಗಿಯೇ ಇತ್ತು.

"ಆದ್ರ ಆಗ್ಲಿ" ಎಂದರು. ಆಮೇಲೆ, ಯಂತ್ರದ ಬೆಲೆ ಕೇಳುವಾಗಲೂ ಅಷ್ಟು ಅಳುಕದ ಮನುಷ್ಯ, ಬೂಟಿನ ತುದಿ ನೋಡುತ್ತ ಮೆಲ್ಲಗೆ ಹೇಳಿದರು: "ಇನ್ನೊಂದ್ ಸಲ ಕರಿ."

ಸುತ್ತ ನೋಡಿದೆ. ದೂರದಲ್ಲಿ ಇಬ್ಬರು ಮಾಲಿಗಳು ಗಿಡಕ್ಕೆ ಕತ್ತರಿ ಹಾಕುತ್ತಿದ್ದರು. ಆ ತೋಟದಲ್ಲಿ, ಆ ಊರಿನಲ್ಲಿ, ನನಗೆ ತಿಳಿದ ಮಟ್ಟಿಗೆ ಆ ಇಡೀ ದೇಶದಲ್ಲಿ, ಕನ್ನಡ ಬಲ್ಲವರು ನಾವಿಬ್ಬರೇ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡೆ.

"ಮುರಿಗೆಪ್ಪಾ" ಎಂದೆ.

"ಓ" ಎಂದರು.